ಬೇಗ ಬನ್ನಿ, ಇಲ್ಲಿ ನೋಡಿ!

ಹೋದ ತಿಂಗಳು ಇದೇ ಪುಟದಲ್ಲಿ ಒಂದು ಮಾತು ಕೇಳಿದ್ದೆ. ಚಳಿ ಹೋಗಿ ಮಾವು ಮಿಡಿ ಕಚ್ಚುವ ಈ ದಿನಗಳಲ್ಲಿ ನಿಮ್ಮ ಮನೆಗೆ ಖುಷಿ ಕೊಟ್ಟ ಸಣ್ಣ ಸಂಗತಿ ಯಾವುದು, ಬರೆಯಿರಿ. ಕೇಳುವುದಿದ್ದರೆ ಅದನ್ನೂ ಕೇಳಿ ಅಂತ. ಪತ್ರಗಳು ಬಂದಿವೆ ನೋಡಿ! ಒಂದು ಲಕೋಟೆಯಲ್ಲಿ ನಾಲ್ಕು ರಂಜೆ ಹೂವು ಇಟ್ಟಿದ್ದರು. ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದವು, ಪರಿಮಳ ಮಾತ್ರ ಹಾಗೇ ಇತ್ತು. ಪತ್ರ ಓದುವ ಮೊದಲೇ ಹೂವನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ಕಣ್ಣು ಮುಚ್ಚಿ ಮೂಸಿದರು. 'ನಮ್ಮ ಅಮ್ಮನ ಮನೆ ಹತ್ರ, ದೇವಸ್ಥಾನದ ಹಿಂದೆ ಇತ್ತು ಈ ಮರ' ಅಂದರು. ಕಳಿಸಿದವರು ಹೆಸರು ಬರೆದಿಲ್ಲ. ಯಾರೇ ಆಗಿರಲಿ, ನಿಮಗೆ ನಮ್ಮ ಅತ್ತೆಯ ಆಶೀರ್ವಾದ.

ಹೊಸದಾಗಿ ಓದುತ್ತಿರುವವರಿಗೆ ಹೇಳಿಬಿಡುತ್ತೇನೆ. ನಮ್ಮ ಮನೆ ತೀರ್ಥಹಳ್ಳಿ ತಾಲೂಕಿನಲ್ಲಿ, ತುಂಗೆಯಿಂದ ಒಂದು ಕೂಗಳತೆ ದೂರ. ಅಡಿಕೆ ತೋಟ, ಮಧ್ಯೆ ಒಂದಿಷ್ಟು ಕಾಫಿ, ಕಾಳುಮೆಣಸು. ಮನೆಯಲ್ಲಿ ನಾನು, ನಮ್ಮ ಯಜಮಾನರು, 86 ವರ್ಷದ ಅತ್ತೆ. ಮಗ ಬೆಂಗಳೂರಿನಲ್ಲಿ. ಮಗಳು ಶಿವಮೊಗ್ಗದಲ್ಲಿ, ಅವಳ ಮಗಳು ರಜೆ ಬಂದರೆ ಇಲ್ಲೇ.

'ನಾವು ಶಿವಮೊಗ್ಗದಲ್ಲಿ ಬಾಡಿಗೆ ಮನೆಯಲ್ಲಿ ಇರೋದು. ತೋಟ ಇಲ್ಲ, ಅಂಗಳ ಇಲ್ಲ. ನೀವು ಬರೆಯುವ ಹೂವು, ಹಕ್ಕಿ ಎಲ್ಲ ನಮ್ಮ ಮಕ್ಕಳಿಗೆ ಎಲ್ಲಿಂದ ತೋರಿಸಲಿ?'
— ಇಬ್ಬರು ಮಕ್ಕಳ ತಾಯಿ, ಶಿವಮೊಗ್ಗ

ನಾವೂ 11 ವರ್ಷ ಶಿವಮೊಗ್ಗದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಎರಡು ಕೋಣೆ, ಮೇಲೆ ತಾರಸಿ, ಅಷ್ಟೇ. ಮಗನಿಗೆ ಆಗ ಆರು ವರ್ಷ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ 'ಅಮ್ಮಾ, ಯಾರೋ ತಗಡು ಬಡೀತಿದಾರೆ' ಅಂದ. ಕಿವಿಗೊಟ್ಟೆ. ಟುಕ್, ಟುಕ್, ಟುಕ್ ಅಂತ ಒಂದೇ ಸಮ. ಪಕ್ಕದ ಬೀದಿಯಲ್ಲಿ ಏನೋ ಕೆಲಸ ನಡೆದಿದೆ ಅಂದುಕೊಂಡು ನಾನು ಸುಮ್ಮನಾದೆ. ಅವನು ಬಿಡಲಿಲ್ಲ. ಕೈ ಹಿಡಿದು ತಾರಸಿಗೆ ಎಳೆದುಕೊಂಡು ಹೋದ. ಎದುರಿಗಿದ್ದ ಅರಳಿ ಮರದ ತುತ್ತತುದಿ, ಎಲೆ ಇಲ್ಲದ ಕೊಂಬೆ. ಅದರ ಮೇಲೆ ಗುಬ್ಬಿಗಿಂತ ಚೂರು ದೊಡ್ಡದಾದ ಹಸಿರು ಹಕ್ಕಿ. ಹಣೆ ಕೆಂಪು, ಗಂಟಲು ಹಳದಿ, ಎದೆಯ ಮೇಲೂ ಒಂದು ಕೆಂಪು ಪಟ್ಟಿ.

ಅದು ಕಂಚುಗಾರ ಹಕ್ಕಿ. ಕೂಗುವಾಗ ತಲೆಯನ್ನು ಆಚೆ ಈಚೆ ತಿರುಗಿಸುತ್ತದೆ. ಅದಕ್ಕೇ ಸದ್ದು ಯಾವ ಕಡೆಯಿಂದ ಬರುತ್ತಿದೆ ಅಂತ ಸುಲಭಕ್ಕೆ ತಿಳಿಯುವುದಿಲ್ಲ. ಮಗ ಗಡಿಯಾರ ಹಿಡಿದು ಎಣಿಸಿದ. ನಿಮಿಷಕ್ಕೆ ನೂರು ದಾಟಿತು. 'ಅಪ್ಪ ಬರೋವರೆಗೂ ಹಾರಬಾರದು' ಅಂತ ಬಿಸಿಲಲ್ಲೇ ಕೂತ. ಅಪ್ಪ ಬಂದರು. ಚಪ್ಪಲಿ ಬಿಡುವ ಮೊದಲೇ ಅವರನ್ನೂ ಮೇಲೆ ಕರೆದ. ಹಕ್ಕಿ ಇನ್ನೂ ಅಲ್ಲೇ ಇತ್ತು. ಆ ಮನೆಯ ಬಾಡಿಗೆ ಎಷ್ಟಿತ್ತು ಅನ್ನುವುದು ನನಗೀಗ ನೆನಪಿಲ್ಲ, ಆ ಸಂಜೆ ನೆನಪಿದೆ.

ನಿಮ್ಮ ಬೀದಿಯಲ್ಲಿ ಹೊಂಗೆ ಮರ ಇದ್ದೇ ಇರುತ್ತದೆ. ಬೇಸಿಗೆ ಶುರುವಾಗುತ್ತಿದ್ದ ಹಾಗೆ ಹಳೇ ಎಲೆ ಉದುರಿಸಿ ಹೊಸದಾಗಿ ಚಿಗುರುತ್ತದೆ. ಆ ಎಳೆ ಎಲೆಯ ಹೊಳಪು ನೋಡಬೇಕು, ಎಣ್ಣೆ ಸವರಿದ ಹಾಗೆ. ಆಮೇಲೆ ಹೂವು. ಬೆಳಿಗ್ಗೆ ಬೇಗ ಎದ್ದು ಹೋದರೆ ರಸ್ತೆಯ ಮೇಲೆ ಮಂಡಕ್ಕಿ ಚೆಲ್ಲಿದ ಹಾಗೆ ಬಿದ್ದಿರುತ್ತದೆ. ಒಂದು ಹೂವನ್ನು ಮಗುವಿನ ಅಂಗೈಯಲ್ಲಿ ಇಡಿ. ಅವರೆ ಹೂವಿನ ಆಕಾರವೇ ಅಲ್ವಾ? ಹೊಂಗೆಯೂ ಅವರೆಯ ನೆಂಟ, ಒಂದೇ ಕುಟುಂಬ. ಇಷ್ಟು ಹೇಳಿ ಸಾಕು, ಉಳಿದದ್ದನ್ನು ಮಕ್ಕಳೇ ಹುಡುಕುತ್ತಾರೆ.

ಒಂದು ಭಾನುವಾರ ಕೂಡಲಿಗೆ ಹೋಗಿ ಬನ್ನಿ. ತುಂಗೆ, ಭದ್ರೆ ಸೇರುವ ಜಾಗ. ಶಿವಮೊಗ್ಗದಿಂದ ಜಾಸ್ತಿ ದೂರ ಇಲ್ಲ. ಈಗ ನೀರು ಇಳಿದು ಬಂಡೆ ಕಾಣುತ್ತದೆ. ಮಕ್ಕಳ ಕೈ ಮಾತ್ರ ಬಿಡಬೇಡಿ.

'ನಾನು ದಾವಣಗೆರೆ ಕಡೆಯವಳು, ಹೊಸನಗರ ತಾಲೂಕಿಗೆ ಮದುವೆಯಾಗಿ ಬಂದು ಒಂದೂವರೆ ವರ್ಷ. ಹೋದ ವರ್ಷ ಅಪ್ಪೆಮಿಡಿ ಉಪ್ಪಿನಕಾಯಿ ನಾನೇ ಹಾಕುತ್ತೇನೆ ಅಂತ ಹಾಕಿದೆ. ಉಪ್ಪುನೀರು ಕುದಿಸಿ, ಬೆಚ್ಚಗಿದ್ದಾಗಲೇ ಸೇರಿಸಿ ಮುಚ್ಚಿಟ್ಟೆ. ತಿಂಗಳಲ್ಲಿ ಬೂಷ್ಟು ಬಂತು. ಅತ್ತೆ ಏನೂ ಅನ್ನಲಿಲ್ಲ. ಅದೇ ನನಗೆ ಜಾಸ್ತಿ ಬೇಜಾರು. ಈ ಸಲ ಕೈ ಹಾಕಲೋ ಬೇಡವೋ?'
— ಹೊಸ ಸೊಸೆ

ಖಂಡಿತ ಹಾಕಿ. ಅತ್ತೆಯ ಹತ್ತಿರ ಕೂತು, ಅವರ ಮೊದಲ ವರ್ಷದ ಉಪ್ಪಿನಕಾಯಿ ಏನಾಗಿತ್ತು ಅಂತ ಕೇಳಿ ನೋಡಿ. ನಮ್ಮ ಅತ್ತೆಯದು ಹಾಳಾಗಿತ್ತು. ನನ್ನದೂ ಹಾಳಾಗಿತ್ತು. ಅವರು ಸುಮ್ಮನಿದ್ದದ್ದು ಕೋಪಕ್ಕೇ ಇರಲಿಕ್ಕಿಲ್ಲ, ತಮ್ಮ ದಿನಗಳು ನೆನಪಾಗಿರಬೇಕು.

ಈಗ ಮಿಡಿಯ ವಿಷಯ. ಅಪ್ಪೆಮಿಡಿ ಅಂದರೆ ಯಾವುದೋ ಎಳೆ ಮಾವಿನಕಾಯಿ ಅಲ್ಲ. ಹೊಳೆದಂಡೆಯ ಕಾಡುಮಾವು. ಶರಾವತಿ, ಕುಮುದ್ವತಿ, ವರದಾ, ಅಘನಾಶಿನಿ ದಂಡೆಗಳ ಮರಗಳಿಗೆ ತುಂಬ ಹೆಸರು. ಈಗ ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಒಂದೊಂದು ಮರದ ಮಿಡಿಗೆ ಒಂದೊಂದು ಪರಿಮಳ. ಒಂದರ ತೊಟ್ಟು ಮುರಿದರೆ ಜೀರಿಗೆ ವಾಸನೆ, ಇನ್ನೊಂದರದ್ದು ಕರ್ಪೂರ. ಆ ಪರಿಮಳ ಇರುವುದು ಸೊನೆಯಲ್ಲಿ. ಸೊನೆ ಸೋರಿಹೋದರೆ ಪರಿಮಳವೂ ಹೋಯಿತು, ಬಾಳಿಕೆಯೂ ಹೋಯಿತು. ಅದಕ್ಕೇ ಗೊತ್ತಿದ್ದವರು ಮಿಡಿಯನ್ನು ನೆಲಕ್ಕೆ ಉದುರಿಸುವುದಿಲ್ಲ. ತೊಟ್ಟು ಸಮೇತ ಕೊಯ್ದು, ಚೀಲಕ್ಕೆ ಹಗ್ಗ ಕಟ್ಟಿ ಮೆಲ್ಲಗೆ ಇಳಿಸುತ್ತಾರೆ. ಮಾರುವುದೂ ತೂಕದಲ್ಲಲ್ಲ, ನೂರರ ಲೆಕ್ಕದಲ್ಲಿ.

ಕೊಳ್ಳುವಾಗ ಒಂದು ಮಿಡಿಯನ್ನು ಅಡ್ಡಕ್ಕೆ ಕುಯ್ದು ನೋಡಿ. ಚಾಕು ಸಲೀಸಾಗಿ ಇಳಿಯಬೇಕು. ಒಳಗೆ ಗೊರಟು ಗಟ್ಟಿಯಾಗಿದ್ದರೆ ಬೇಡ ಅನ್ನಿ. ಮನೆಗೆ ತಂದ ದಿನವೇ ಕೆಲಸಕ್ಕೆ ಕೂತುಬಿಡಿ. ತೊಳೆದು, ಬಟ್ಟೆಯ ಮೇಲೆ ಹರವಿ, ಒಂದು ಹನಿ ನೀರೂ ಇಲ್ಲದ ಹಾಗೆ ಒರೆಸಿ. ಚೂರು ತೊಟ್ಟು ಉಳಿಸಿಕೊಳ್ಳಿ. ನಮ್ಮ ಮನೆಯ ಲೆಕ್ಕ ನಾಲ್ಕು ಪಾತ್ರೆ ಮಿಡಿಗೆ ಒಂದು ಪಾತ್ರೆ ಕಲ್ಲುಪ್ಪು. ಭರಣಿಯಲ್ಲಿ ಒಂದು ಪದರ ಉಪ್ಪು, ಒಂದು ಪದರ ಮಿಡಿ. ಮೇಲಿನ ಪದರ ಉಪ್ಪಿನದೇ ಇರಲಿ. ಕೆಲವು ದಿನಕ್ಕೆ ನೀರು ಬಿಡುತ್ತದೆ. ದಿನಾ ಒಂದು ಸಲ ಒಣ ಮರದ ಸೌಟಿನಿಂದ ಕೆಳಗೆ ಮೇಲೆ ಮಾಡಿ. ಎರಡು ಮೂರು ವಾರ ಕಳೆಯುವುದರೊಳಗೆ ಮಿಡಿ ಅಜ್ಜಿಯ ಬೆರಳಿನ ಹಾಗೆ ಸುಕ್ಕಾಗುತ್ತದೆ. ಆಗ ಮಿಡಿ ತೆಗೆದಿಟ್ಟು, ಆ ಉಪ್ಪುನೀರನ್ನು ಕುದಿಸಿ ಆರಿಸಿ.

ಹೋದ ವರ್ಷ ನೀವು ಎಡವಿದ್ದು ಇಲ್ಲೇ. ಆರಿಸುವುದು ಅಂದರೆ ಪೂರ್ತಿ ಆರಿಸುವುದು. ರಾತ್ರಿ ಕುದಿಸಿ, ಬೆಳಿಗ್ಗೆ ಮುಟ್ಟಿ. ಬೆಚ್ಚಗಿದ್ದಾಗ ಮುಚ್ಚಿದರೆ ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಒಳಗೇ ಬೀಳುತ್ತದೆ. ಆ ಹನಿ ನೀರಿಗೆ ಉಪ್ಪಿಲ್ಲ. ಬೂಷ್ಟು ಶುರುವಾಗುವುದು ಅಲ್ಲಿಂದಲೇ. ತಣ್ಣಗಾದ ಉಪ್ಪುನೀರಿನಲ್ಲೇ ಸಾಸಿವೆ, ಒಣಮೆಣಸು, ಅರಿಸಿನ ಹಾಕಿ ನುಣ್ಣಗೆ ರುಬ್ಬಿ ಮಿಡಿಗೆ ಕಲೆಸಿ. ಎಣ್ಣೆ ಬೇಡ. ಮಿಡಿ ರಸದಲ್ಲಿ ಮುಳುಗಿರಬೇಕು, ಒಂದೂ ತಲೆ ಎತ್ತಬಾರದು. ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಮುಚ್ಚಿಡಿ.

ಇನ್ನೊಂದು ಮಾತು. ಈ ಕೆಲಸ ಒಬ್ಬರೇ ಮಾಡಬೇಡಿ. ಮಿಡಿ ಬಂದ ಸಂಜೆ ನಮ್ಮ ಮನೆ ಜಗಲಿಯಲ್ಲಿ ಯಾರೂ ಟಿವಿ ಮುಂದೆ ಇರುವುದಿಲ್ಲ. ಕೈಗೆಲ್ಲ ಕೊಬ್ಬರಿ ಎಣ್ಣೆ ಸವರಿಕೊಂಡು ಸುತ್ತ ಕೂರುತ್ತೇವೆ. ಸೊನೆ ತಾಗಿದರೆ ಚರ್ಮ ಸುಡುತ್ತದೆ, ಅದಕ್ಕೆ ಎಣ್ಣೆ. ಮಕ್ಕಳು ಆ ಕೈಯಲ್ಲಿ ಮುಖ ಮುಟ್ಟಿಕೊಳ್ಳದ ಹಾಗೆ ನೋಡಿಕೊಳ್ಳಿ. ಎಣಿಸುವ ಕೆಲಸ ಅತ್ತೆಯದು. ನೂರು ಮಿಡಿ ಆದಾಗ ಒಂದು ಹುಣಸೆಬೀಜ ಪಕ್ಕಕ್ಕೆ ಇಡುತ್ತಾರೆ. ಮಾತು ಎಲ್ಲೆಲ್ಲಿಗೋ ಹೋಗುತ್ತದೆ, ಯಾರ ಮದುವೆ, ಯಾವ ವರ್ಷದ ಮಳೆ ಅಂತ. ಅವರ ಲೆಕ್ಕ ಮಾತ್ರ ಒಂದು ದಿನವೂ ತಪ್ಪಿದ್ದಿಲ್ಲ. ಕೊನೆಗೆ ಹುಣಸೆಬೀಜ ಎಣಿಸುವ ಹಕ್ಕು ಮೊಮ್ಮಗಳದು. ನಿಮ್ಮ ಅತ್ತೆಯನ್ನೂ ಕೂಗಿ ಕರೆಯಿರಿ. 'ಬನ್ನಿ ಅತ್ತೆ, ಇದು ಜೀರಿಗೆ ಮಿಡಿಯೋ ಅಲ್ವೋ ಮೂಸಿ ಹೇಳಿ' ಅನ್ನಿ. ಅವರು ಏಳದೇ ಇದ್ದರೆ ಕೇಳಿ.

'ಹಲಸಿನ ಹಪ್ಪಳ ಈಗ ಅಂಗಡಿಯಲ್ಲೇ ಸಿಗುತ್ತದೆ. ಮನೆಯಲ್ಲಿ ಮಾಡುವ ಕಷ್ಟ ಯಾಕೆ?'
— ಓದುಗರು, ಸಾಗರ

ಕೊಂಡು ತನ್ನಿ, ಅದರಲ್ಲಿ ತಪ್ಪೇನಿಲ್ಲ. ಎಷ್ಟೋ ಹೆಂಗಸರು ಹಪ್ಪಳ ಮಾಡಿಯೇ ಮನೆ ನಡೆಸುತ್ತಿದ್ದಾರೆ. ಆದರೆ ವರ್ಷಕ್ಕೆ ಒಂದೇ ಒಂದು ಕಾಯಿಯದ್ದಾದರೂ ಮನೆಯಲ್ಲಿ ಮಾಡಿ. ಬೇಯಿಸಿದ ತೊಳೆಗೆ ಉಪ್ಪು, ಮೆಣಸು, ಕೊತ್ತಂಬರಿ ಹಾಕಿ ಕುಟ್ಟಿದ ಬಿಸಿ ಹಿಟ್ಟು ಇದೆಯಲ್ಲ, ಅದನ್ನು ಎಣ್ಣೆ ಕೈಯಲ್ಲಿ ಉಂಡೆ ಮಾಡಿ ಹಾಗೇ ತಿನ್ನುವ ಭಾಗ್ಯ ಅಂಗಡಿಯಲ್ಲಿ ಸಿಗುವುದಿಲ್ಲ. ಅರ್ಧ ಒಣಗಿದ ಹಪ್ಪಳವನ್ನು ಚಾಪೆಯಿಂದ ಕದ್ದು ತಿನ್ನುವುದೂ ಅಷ್ಟೇ.

'ಯುಗಾದಿಗೆ ಬೇವಿನ ಹೂವು ಸಿಗಲಿಲ್ಲ. ಬರೀ ಎಲೆ ಹಾಕಿ ಬೇವು ಬೆಲ್ಲ ಮಾಡಿದೆವು. ಅದು ಸರಿಯಾ?'
— ಓದುಗರು, ಕೊಪ್ಪ

ಸರಿ. ಬೇವು ಬಯಲುಸೀಮೆಯ ಮರ. ನಮ್ಮ ಜಡಿಮಳೆಯ ಕಡೆ ಕಡಿಮೆ. ನಾವೂ ಶಿವಮೊಗ್ಗದಿಂದ ಬರುವವರ ಕೈಯಲ್ಲಿ ತರಿಸುತ್ತೇವೆ. ಎಷ್ಟೋ ವರ್ಷ ನಮ್ಮಲ್ಲೂ ಎಲೆಯೇ. ಆಲೆಮನೆಯ ಹೊಸ ಜೋನಿ ಬೆಲ್ಲ ಇದ್ದರೆ ಅದರ ಜೊತೆ ಕಲೆಸಿ ಕೊಡಿ, ಮಕ್ಕಳು ಎರಡನೇ ಸಲ ಕೈ ಚಾಚುತ್ತಾರೆ.

'ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ಊರಿನಿಂದ ಅಮ್ಮ ದಿನಾ ಫೋನ್ ಮಾಡುತ್ತಾರೆ. ಕಾಫಿ ಹೂವಾಯ್ತು, ಸುರಗಿ ಮೊಗ್ಗು ಬಂತು, ಕುಟ್ರುಹಕ್ಕಿ ಕೂಗ್ತಿದೆ ಅಂತ ಹೇಳುತ್ತಾರೆ. ನಾನು "ಹೌದಾ" ಅನ್ನುತ್ತೇನೆ. ಆಮೇಲೆ ಏನು ಮಾತಾಡಬೇಕು ಅಂತ ತಿಳಿಯುವುದಿಲ್ಲ. ಫೋನ್ ಇಟ್ಟ ಮೇಲೆ ಮನಸ್ಸಿಗೆ ಹೇಗೋ ಆಗುತ್ತದೆ.'
— ಶೃಂಗೇರಿ ಕಡೆಯ ಮಗ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂದು ಸಲ ನಿಮ್ಮ ಪತ್ರ ಅಂತ, ಇನ್ನೊಂದು ಸಲ ನನ್ನ ಮಗನ ಪತ್ರ ಅಂತ.

ನಿಮ್ಮ ಅಮ್ಮ ಸುದ್ದಿ ಹೇಳುತ್ತಿಲ್ಲ ಕಣಪ್ಪಾ, ಕರೆಯುತ್ತಿದ್ದಾರೆ. ನಮ್ಮ ಮನೆಗಳಲ್ಲಿ ಇದು ಹಿಂದಿನಿಂದ ನಡೆದು ಬಂದದ್ದು. ತೋಟದಲ್ಲಿ ಏನಾದರೂ ಚಂದದ್ದು ಕಂಡರೆ ಒಬ್ಬರೇ ನೋಡಿ ಬರುವ ಪದ್ಧತಿ ಇಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಅಂಗಳದಿಂದ 'ಬೇಗ ಬನ್ನಿ, ಇಲ್ಲಿ ನೋಡಿ' ಅಂತ ಕೂಗಿದರೆ ಏನೋ ಅನಾಹುತ ಆಯಿತು ಅಂತ ಓಡುತ್ತಿದ್ದೆ. ಹೋಗಿ ನೋಡಿದರೆ ಮೊದಲ ಕೆಂಡಸಂಪಿಗೆ ಅರಳಿರುತ್ತಿತ್ತು. ಈಗ ನೀವು ಕೂಗಳತೆಯಲ್ಲಿ ಇಲ್ಲ. ಅದಕ್ಕೆ ಅಮ್ಮ ಫೋನಿನಲ್ಲಿ ಕೂಗುತ್ತಾರೆ.

'ಹೌದಾ' ಅಂದ ಮೇಲೆ ಒಂದು ಪ್ರಶ್ನೆ ಕೇಳಿ. ಕಾಫಿ ಹೂವಾಯ್ತು ಅಂದರೆ, ಹೂಮಳೆ ಯಾವತ್ತು ಬಂತು, ಒಂದು ಇಂಚು ಆಯಿತಾ ಅಂತ ಕೇಳಿ. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಹೂವು, ನಿಮಗೂ ಗೊತ್ತಲ್ಲ. ಹೂವು ಇರುವುದು ಮೂರು ನಾಲ್ಕು ದಿನ. ಆಮೇಲೆ ಕಾಯಿ ಕಚ್ಚಬೇಕಾದರೆ ಇನ್ನೊಂದು ಮಳೆ ಬೇಕು. ಅದು ಬರುವವರೆಗೆ ಅಮ್ಮ ದಿನಾ ಆಕಾಶ ನೋಡುತ್ತಿರುತ್ತಾರೆ. 'ಎರಡನೇ ಮಳೆ ಬಂತಾ ಅಮ್ಮಾ?' ಅಂತ ನೀವೇ ಒಂದು ದಿನ ಫೋನ್ ಮಾಡಿ ಕೇಳಿ. ಆ ದನಿಯಲ್ಲಿ ಆಗುವ ಬದಲಾವಣೆ ನಿಮಗೇ ಕೇಳಿಸುತ್ತದೆ.

ಸುರಗಿ ಅಂದರೆ, ಒಂದು ಸರ ಒಣಗಿಸಿ ಇಡಿ ಅನ್ನಿ. ಬೇರೆ ಹೂವುಗಳ ಹಾಗಲ್ಲ ಅದು. ಹಳೇ ಕೊಂಬೆಗೇ ಅಂಟಿಕೊಂಡು ಬರುತ್ತದೆ, ಅರಳುವ ಮೊದಲೇ ಮೊಗ್ಗು ಕೊಯ್ದು ಸರ ಮಾಡುತ್ತಾರೆ. ಒಣಗಿದ ಮೇಲೂ ಪರಿಮಳ ಬಿಡುವುದಿಲ್ಲ. ನಮ್ಮ ಅತ್ತೆಯ ಟ್ರಂಕಿನಲ್ಲಿ ರೇಷ್ಮೆ ಸೀರೆ ಮಡಿಕೆಗಳ ಮಧ್ಯೆ ಯಾವಾಗಲೂ ಒಂದು ಸುರಗಿ ಸರ ಇರುತ್ತದೆ. ನಿಮ್ಮ ಬಟ್ಟೆ ಕಪಾಟಿನಲ್ಲೂ ಒಂದು ಇರಲಿ.

ನನ್ನ ಮಗನೂ 'ಹೌದಾ' ಅನ್ನುತ್ತಿದ್ದ. ಮೂರು ವರ್ಷದ ಹಿಂದೆ ಒಂದು ರಾತ್ರಿ 'ಕಾಫಿ ಹೂವಾಗಿದೆ ಕಣೋ' ಅಂದೆ. 'ಎಷ್ಟು ದಿನ ಆಯಿತು?' ಅಂತ ಕೇಳಿದ. 'ಇವತ್ತೇ' ಅಂದೆ. ಮಾರನೇ ರಾತ್ರಿಯ ಬಸ್ಸು ಹತ್ತಿದ್ದಾನೆ, ನಮಗೆ ಹೇಳಿಲ್ಲ. ಬೆಳಗಿನ ಐದೂವರೆಗೆ ನಾಯಿ ಬೊಗಳಿತು. ಬಾಗಿಲು ತೆಗೆದರೆ ಇವನು ಅಂಗಳದಲ್ಲಿ ಬ್ಯಾಗು ಕೆಳಗಿಟ್ಟು ಸುಮ್ನೆ ನಿಂತಿದ್ದಾನೆ. ಇನ್ನೂ ಕತ್ತಲೆ, ಹೂವು ಕಾಣುತ್ತಿರಲಿಲ್ಲ. ಮಲ್ಲಿಗೆಯಂಥ ಪರಿಮಳ ಮಾತ್ರ ತೋಟದಿಂದ ಅಂಗಳದವರೆಗೂ ತುಂಬಿತ್ತು. 'ಒಳಗೆ ಬಾ' ಅಂದೆ. 'ಇರಮ್ಮ, ಬೆಳಕಾಗಲಿ' ಅಂದ. ನಾನೂ ಸೆರಗು ಹೊದ್ದು ಮೆಟ್ಟಿಲ ಮೇಲೆ ಕೂತೆ. ಬೆಳಕು ಬರುತ್ತಾ ಬರುತ್ತಾ ಗಿಡಗಳು ಒಂದೊಂದೇ ಬೆಳ್ಳಗಾದವು. ಅವತ್ತು ಸಂಜೆಯ ಬಸ್ಸಿಗೇ ವಾಪಸ್ ಹೋದ.

ಪ್ರತಿ ವರ್ಷ ಹಾಗೆ ಬರಲಿಕ್ಕೆ ಆಗುವುದಿಲ್ಲ, ನನಗೂ ಗೊತ್ತು, ನಿಮ್ಮ ಅಮ್ಮನಿಗೂ ಗೊತ್ತು. ಒಂದು ವರ್ಷ ಬನ್ನಿ.

'ಎಲ್ಲರ ಖುಷಿ ಕೇಳುತ್ತೀರಿ. ಈ ವರ್ಷ ನಿಮ್ಮ ಮನೆಗೆ ಸಿಕ್ಕಿದ್ದೇನು?'
— ನಿವೃತ್ತ ಶಿಕ್ಷಕರು, ಭದ್ರಾವತಿ

ಮೇಷ್ಟ್ರೇ, ನೀವು ಕೇಳದಿದ್ದರೂ ಹೇಳುತ್ತಿದ್ದೆ!

ಶಿವರಾತ್ರಿ ಕಳೆದು ಸ್ವಲ್ಪ ದಿನಕ್ಕೆ ಜಗಲಿಯ ಪಕ್ಕ ಬಟ್ಟೆ ಒಣಹಾಕುವ ತಂತಿಯ ತುದಿಯಲ್ಲಿ ಕಸದ ಎಳೆಯೊಂದು ನೇತಾಡುತ್ತಿತ್ತು. ಜೇಡರ ಬಲೆ ಅಂದುಕೊಂಡು ಪೊರಕೆ ತಂದೆ. 'ತಡಿ' ಅಂದರು ಯಜಮಾನರು. ನೋಡುತ್ತಿದ್ದ ಹಾಗೆ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಿರುವ ಒಂದು ಹಕ್ಕಿ ಬಂತು, ಬಾಯಲ್ಲಿ ಒಂದು ಎಳೆ ನಾರು. ಸೂರಕ್ಕಿ. ಗೂಡು ಕಟ್ಟುವ ಕೆಲಸ ಹೆಣ್ಣಿನದು. ಹೊಳೆಯುವ ಬಣ್ಣದ ಗಂಡು ಹತ್ತಿರದ ದಾಸವಾಳದ ಮೇಲೆ ಕೂತು ಕೂಗುತ್ತಿತ್ತು.

ನಮ್ಮ ಮನೆ ದಿನಚರಿಯೇ ಬದಲಾಯಿತು. ತಂತಿಗೆ ಬಟ್ಟೆ ಹಾಕುವುದು ನಿಂತಿತು. ಬಟ್ಟೆಯೆಲ್ಲ ಹಿತ್ತಿಲ ಬೇಲಿಗೆ ಹೋಯಿತು. ಅತ್ತೆಯ ಕುರ್ಚಿಯನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿಸಿದೆವು. ಹಕ್ಕಿ ಜೇಡರ ಬಲೆಯನ್ನೇ ಅಂಟಿನ ಹಾಗೆ ಬಳಸಿ ನಾರು, ಒಣ ತೊಗಟೆ ಚೂರು, ಹುಳದ ಹಿಕ್ಕೆ ಎಲ್ಲ ಸೇರಿಸಿ ಉದ್ದನೆಯ ಚೀಲ ಮಾಡಿತು. ಪಕ್ಕದಲ್ಲಿ ಬಾಗಿಲು. ಬಾಗಿಲ ಮೇಲೆ ಮಳೆ ನೀರು ಬೀಳದ ಹಾಗೆ ಒಂದು ಪುಟ್ಟ ಮಾಡು. ನಮ್ಮ ಜಗಲಿಯ ಮಾಡಿನ ಹಾಗೆಯೇ! ಒಳಗಿನ ಹಾಸಿಗೆಗೆ ಮೆತ್ತನೆ ಹತ್ತಿಯಂಥದ್ದನ್ನು ತಂದು ತುಂಬಿತು. ನಮ್ಮ ದೇವರ ಬತ್ತಿಯ ಹತ್ತಿಯನ್ನು ಅತ್ತೆ ಕಟ್ಟೆಯ ಮೇಲೆ ಇಟ್ಟಿದ್ದರು. ಅದರಲ್ಲೂ ಒಂದಿಷ್ಟು ಎಳೆದುಕೊಂಡು ಹೋಯಿತು. ಅವತ್ತು ಅತ್ತೆಗೆ ಆದ ಸಂತೋಷ ಹೇಳಲಿಕ್ಕೆ ನನ್ನ ಹತ್ತಿರ ಮಾತಿಲ್ಲ.

ಮೊಟ್ಟೆ ಇಟ್ಟಿತು, ಕಾವು ಕೊಟ್ಟಿತು. ಬಾಗಿಲಿನಿಂದ ಕೊಕ್ಕಿನ ತುದಿ ಮಾತ್ರ ಕಾಣುತ್ತಿತ್ತು. ಮೊಮ್ಮಗಳು ರಜೆಗೆ ಬರುವ ಹೊತ್ತಿಗೆ ಮರಿಗಳು ಆಗಿದ್ದವು. ಎರಡು. ಅವಳು ಮೂರು ದಿನ ಪಿಸುಮಾತಿನಲ್ಲೇ ಮಾತಾಡಿದಳು. ಊಟಕ್ಕೆ ಕರೆದರೂ ಪಿಸುಮಾತಿನಲ್ಲೇ 'ಬಂದೆ'.

ಹಾರಿದ ದಿನ ನಾವು ಯಾರೂ ಅಲ್ಲಿ ಇರಲಿಲ್ಲ. ನಾನು ಅಡುಗೆ ಮನೆಯಲ್ಲಿ, ಯಜಮಾನರು ತೋಟದಲ್ಲಿ, ಮಗು ಬಚ್ಚಲಲ್ಲಿ. ಜಗಲಿಯಲ್ಲಿ ಅತ್ತೆ ಒಬ್ಬರೇ. ಅವರ ಕಣ್ಣು ಈಗ ಅಷ್ಟು ಸರಿಯಾಗಿ ಕಾಣುವುದಿಲ್ಲ. ಹೋದ ಮಳೆಗಾಲದಿಂದ ಗಂಟಲೂ ಸೋತಿದೆ, ಜೋರಾಗಿ ಮಾತಾಡಿದ್ದೇ ಇಲ್ಲ. ಆದರೆ ಅವತ್ತು ಇಡೀ ಮನೆಗೆ ಕೇಳಿಸಿತು. 'ಬೇಗ ಬನ್ನಿ, ಇಲ್ಲಿ ನೋಡಿ!'

ನಾನು ಸೌಟು ಹಿಡಿದುಕೊಂಡೇ ಓಡಿದೆ. ಮಗು ಸೋಪಿನ ಕೈಯಲ್ಲಿ ಬಂತು. ಗೂಡು ತಂತಿಯ ಮೇಲೆ ಸುಮ್ನೆ ತೂಗುತ್ತಿತ್ತು. ಒಂದು ದಾಸವಾಳದ ಕಡೆಗೆ, ಇನ್ನೊಂದು ಹಲಸಿನ ಮರದ ಕಡೆಗೆ ಅಂತ ಅತ್ತೆ ಕೈ ತೋರಿಸಿ ತೋರಿಸಿ ಹೇಳಿದರು. ಮೊಮ್ಮಗಳು ಅವರ ತೊಡೆ ಮೇಲೆ ಕೂತು ಮೂರು ಸಲ ಹೇಳಿಸಿಕೊಂಡಳು.

ಗೂಡನ್ನು ಇನ್ನೂ ತೆಗೆದಿಲ್ಲ. ಬಟ್ಟೆ ಈಗಲೂ ಹಿತ್ತಿಲ ಬೇಲಿಯ ಮೇಲೇ ಒಣಗುತ್ತಿದೆ.